ಸಮುದಾಯ ಕಾಲೇಜುಗಳಲ್ಲಿ ಮಾಜಿ ಸೈನಿಕರು (ಅಮೆರಿಕ)

ಸೇನೆ ಬಿಟ್ಟುಬಂದ ಅಮೆರಿಕದ ಯೋಧರಲ್ಲಿ ಅನೇಕರು ಮತ್ತೆ ಓದು ಹಿಡಿಯುವುದು ಸಮುದಾಯ ಕಾಲೇಜುಗಳಲ್ಲಿ. ಎರಡು ವರ್ಷದ ಅಸೋಸಿಯೇಟ್ ಪದವಿ, ಕಡಿಮೆ ಶುಲ್ಕ, ಸಂಜೆ ತರಗತಿಗಳು ಸಂಸಾರಸ್ಥರಿಗೆ ಒದಗಿಬರುತ್ತವೆ.

ಯೋಧರ ಈ ಓದಿನ ಬೇರು 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ, ಮಾಜಿ ಸೈನಿಕರ ಓದಿಗೆ ಹಣ ಒದಗಿಸುವ ಕಾಯ್ದೆಯಾದ ಜಿ.ಐ. ಬಿಲ್‌ನಲ್ಲಿದೆ. ಯುದ್ಧದಿಂದ ಮರಳಿದವರು ಓದಿಯಾರೇ ಎಂದು ದೊಡ್ಡ ವಿದ್ವಾಂಸರೇ ಶಂಕಿಸಿದ್ದರು. ಸುಮಾರು 22 ಲಕ್ಷ ಮಂದಿ ಕಾಲೇಜು ಸೇರಿ ಆ ಶಂಕೆಯನ್ನು ಸುಳ್ಳಾಗಿಸಿದರು. 2009ರ ಆಗಸ್ಟ್‌ನಿಂದ ಜಾರಿಯಾದ ಹೊಸ ಸೌಲಭ್ಯ ಸಾಮಾನ್ಯವಾಗಿ 36 ತಿಂಗಳವರೆಗೆ ಶುಲ್ಕದ ಜೊತೆ ವಸತಿ ಭತ್ಯೆಯನ್ನೂ ಕೊಡುತ್ತದೆ.

ಹಣವೊಂದೇ ಸಾಲದು.

ವರ್ಷಗಳ ಹಿಂದೆ ಕೈಬಿಟ್ಟ ಗಣಿತ, ಮಕ್ಕಳ ಪಾಲನೆ, ಯುದ್ಧದ ಗಾಯ, ಎಳೆಯ ಸಹಪಾಠಿಗಳ ನಡುವಿನ ಒಂಟಿತನ ಇವರನ್ನು ಹಿಂದಕ್ಕೆಳೆಯುತ್ತವೆ. ಸೇನಾ ತರಬೇತಿಯ ಅಧಿಕೃತ ದಾಖಲೆಯಾದ ಜಾಯಿಂಟ್ ಸರ್ವೀಸಸ್ ಟ್ರಾನ್ಸ್‌ಕ್ರಿಪ್ಟ್ ತೋರಿಸಿದರೂ ಎಷ್ಟು ಕ್ರೆಡಿಟ್ ಮನ್ನಿಸಬೇಕೆಂಬುದು ಆಯಾ ಕಾಲೇಜಿನ ನಿರ್ಧಾರ. ರಣರಂಗದಲ್ಲಿ ಜೀವ ಉಳಿಸಿದ ವೈದ್ಯಕೀಯ ಸಹಾಯಕ ನರ್ಸಿಂಗ್‌ನ ಮೊದಲ ಪಾಠದಿಂದ ಶುರುಮಾಡಬೇಕಾಗಿ ಬಂದರೆ ಅದು ಅನ್ಯಾಯವೇ ಸರಿ.

ಯಶಸ್ಸಿನ ಅಳತೆಗೋಲೂ ಬಹುಕಾಲ ಸೊಟ್ಟಗಿತ್ತು. ಮೊದಲ ಬಾರಿ, ಪೂರ್ಣಾವಧಿಗೆ ಸೇರಿದವರನ್ನಷ್ಟೇ ಸರ್ಕಾರದ ಪದವಿ ಪ್ರಮಾಣ ಲೆಕ್ಕಹಾಕುತ್ತಿತ್ತು. ದುಡಿಯುತ್ತ ಅರೆಕಾಲಿಕವಾಗಿ ಓದಿ ಪದವಿ ಪಡೆದ ಯೋಧ ಆ ಲೆಕ್ಕಕ್ಕೆ ಸಿಗುತ್ತಲೇ ಇರಲಿಲ್ಲ.