ಡಿ ಜೀವಸತ್ವ, ಬಿಸಿಲು ಮತ್ತು ವಂಶವಾಹಿ: ಧಾರವಾಡ ಸೀಮೆ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ಇಲ್ಲಿ 50 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ಚರ್ಮದಲ್ಲಿ ಡಿ ಜೀವಸತ್ವ ಹುಟ್ಟಿಸುವ 290–315 ನ್ಯಾನೊಮೀಟರಿನ ನೇರಳಾತೀತ ಕಿರಣಕ್ಕೆ ಈ ನೆಲದಲ್ಲಿ ಬರವಿಲ್ಲ. ಕೊರತೆ ಕಂಡರೆ ಮೊದಲು ಕೇಳಬೇಕಾದದ್ದು, ಯಾರು ಯಾವ ಹೊತ್ತಿನಲ್ಲಿ ಬಿಸಿಲಿಗೆ ಬರುತ್ತಾರೆ ಎಂದು.

ಈ ಪ್ರಶ್ನೆ ಹಳೆಯದು. ವಾರ್ಸಾ ನಗರದ ಮಕ್ಕಳಲ್ಲಿ ಹೆಚ್ಚಿದ್ದ, ಮೂಳೆ ಮೆದುವಾಗಿ ಬಾಗುವ ರಿಕೆಟ್ಸ್ ರೋಗ ಹಳ್ಳಿಯ ಮಕ್ಕಳಲ್ಲಿ ಅಪರೂಪವೆಂದು ವೈದ್ಯ ಶ್ನ್ಯಾಡೆಟ್ಸ್ಕಿ 1822ರಲ್ಲೇ ಗುರುತಿಸಿದ್ದ. ನೂರು ವರ್ಷದ ನಂತರ, 1922ರಲ್ಲಿ, ವಿಜ್ಞಾನಿ ಮೆಕಾಲಮ್ ಈ ಸತ್ವಕ್ಕೆ ‘ಡಿ’ ಎಂದು ಹೆಸರಿಟ್ಟ. ಅದೇ ವರ್ಷ ಸಂಶೋಧಕರಾದ ಹಚಿಸನ್ ಮತ್ತು ಶಾ ನಾಸಿಕ್‌ನ ಅಧ್ಯಯನ ಪ್ರಕಟಿಸಿದರು. ಆಗ ನಾಸಿಕ್, ಧಾರವಾಡ ಎರಡೂ ಮುಂಬಯಿ ಪ್ರಾಂತ್ಯದಲ್ಲಿದ್ದವು. ಆ ಅಧ್ಯಯನದಲ್ಲಿ, ಪರದೆ ಪಾಲಿಸುತ್ತಿದ್ದ ಉಳ್ಳವರ ಮನೆಗಳಲ್ಲಿ ಮೂಳೆರೋಗ ಕಾಣಿಸಿತು. ಊಟ ಕಳಪೆಯಾಗಿದ್ದರೂ ಹೊರಗೆ ದುಡಿಯುತ್ತಿದ್ದ ಬಡವರಲ್ಲಿ ಅದು ವಿರಳವಾಗಿತ್ತು.

ಧಾರವಾಡ ಸೀಮೆಯನ್ನು ಓದಲು ನಾಸಿಕ್‌ನ ಈ ಪಾಠವೇ ಸರಿಯಾದ ಕನ್ನಡಿ. ಎರೆಹೊಲದಲ್ಲಿ ಹತ್ತಿ ಬಿಡಿಸುವ, ಕಳೆ ತೆಗೆಯುವ ಹೆಂಗಸಿಗೆ ಸಿಗುವ ನಡುಹಗಲ ಬಿಸಿಲು, ನವಲಗುಂದದಲ್ಲಿ ಮನೆಯೊಳಗೆ ಮಗ್ಗದ ಮುಂದೆ ಜಮಖಾನ ನೇಯುವವಳಿಗೆ ಸಿಗದು. ಬಾಣಂತಿಯದು ಇನ್ನೂ ಕಠಿಣ: ಗಾಳಿ-ಬೆಳಕು ಕಡಿಮೆಯಿರುವ ಕೋಣೆ, ಕಿವಿಗೆ ಕಟ್ಟಿದ ಅರಿವೆ, ಲೋಬಾನದ ಹೊಗೆ. ಎದೆಹಾಲಿನಲ್ಲಿ ಡಿ ಅಂಶ ಅತ್ಯಲ್ಪ. ಹುಟ್ಟುವಾಗ ಕೂಸಿಗಿರುವ ದಾಸ್ತಾನು ಗರ್ಭದಲ್ಲಿ ತಾಯಿಯಿಂದಲೇ ಬರಬೇಕು. ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುವ ರೂಢಿ ಹಿತವಾದದ್ದೇ. ಆದರೆ ಓರೆಯಾಗಿ ಬರುವ ಮುಂಜಾನೆಯ ಬೆಳಕಿನಲ್ಲಿ ಬೇಕಾದ ಕಿರಣದ ಬಹುಪಾಲನ್ನು ಓಝೋನ್ ಪದರವೇ ಹೀರಿಕೊಂಡಿರುತ್ತದೆ.

ಹೊಲವೂ ಪೂರ್ಣ ರಕ್ಷೆಯಲ್ಲ. ತಿರುಪತಿಯಲ್ಲಿ ಸಂಶೋಧಕ ಹರಿನಾರಾಯಣ್ ಮತ್ತು ಸಂಗಡಿಗರು ಪಟ್ಟಣಿಗರಿಗಿಂತ ಹಳ್ಳಿಗರಲ್ಲಿ ಡಿ ಮಟ್ಟ ಹೆಚ್ಚೆಂದು ತೋರಿಸಿದರು. ಕೊರತೆ ಹಳ್ಳಿಯಲ್ಲೂ ಇತ್ತು. ಕ್ಯಾಲ್ಸಿಯಂ ಕಡಿಮೆ, ಅದರ ಹೀರಿಕೆಯನ್ನು ತಡೆಯುವ ಫೈಟೇಟ್ ಹೆಚ್ಚು ಇರುವ ಊಟದತ್ತ ಅವರು ಬೆರಳು ಮಾಡಿದರು. ಕ್ಯಾಲ್ಸಿಯಂ ಸಾಲದಾದಾಗ ದೇಹ ಡಿ ಜೀವಸತ್ವವನ್ನು ಬೇಗ ಕರಗಿಸುತ್ತದೆ. ಜೋಳದ ರೊಟ್ಟಿಯಲ್ಲೂ ಫೈಟೇಟ್ ಇದೆ. ಜೊತೆಗೆ ಮೊಸರೋ ಮಜ್ಜಿಗೆಯೋ ಇದ್ದರೆ ಲೆಕ್ಕ ಬೇರೆ.

ವಂಶವಾಹಿಯ ಅಧ್ಯಾಯ ಈಚಿನದು. ಯುರೋಪ್ ಮೂಲದ ಸುಮಾರು 34,000 ಜನರ ಡಿ ಮಟ್ಟದ ಅಧ್ಯಯನ 2010ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಚರ್ಮದಲ್ಲಿರುವ ಡಿಯ ಕಚ್ಚಾವಸ್ತುವನ್ನು ಕೊಲೆಸ್ಟೆರಾಲ್ ಆಗಿಸುವ ಡಿಎಚ್‌ಸಿಆರ್7, ಯಕೃತ್ತಿನಲ್ಲಿ ಕೆಲಸ ಮಾಡುವ ಸಿವೈಪಿ2ಆರ್1, ರಕ್ತದಲ್ಲಿ ಸಾಗಿಸುವ ಪ್ರೋಟೀನಿನ ಜಿಸಿ ಎಂಬ ವಂಶವಾಹಿಗಳು ಅದರಲ್ಲಿ ಎದ್ದು ಕಂಡವು. ಮೈಬಣ್ಣವೂ ಆನುವಂಶಿಕ, ಮೆಲನಿನ್ ಹೆಚ್ಚಿದ್ದವರಿಗೆ ಅಷ್ಟೇ ಸತ್ವಕ್ಕೆ ಹೆಚ್ಚು ಹೊತ್ತಿನ ಬಿಸಿಲು ಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನೆಲೆಸಿದ ಭಾರತೀಯರಲ್ಲಿ ಈ ಸತ್ವವನ್ನು ಒಡೆಯುವ ಕಿಣ್ವ ಹೆಚ್ಚು ಚುರುಕೆಂದು 1998ರ ಸಂಶೋಧನೆ ಸೂಚಿಸಿತ್ತು. ಆದರೂ ಇವುಗಳ ಪಾಲನ್ನು ಹಿಗ್ಗಿಸಬಾರದು: ಸಾಮಾನ್ಯ ವಂಶವಾಹಿ ಭೇದಗಳು ವಿವರಿಸುವುದು ವ್ಯತ್ಯಾಸದ ಸಣ್ಣ ಭಾಗವನ್ನಷ್ಟೇ.

ಬಿಸಿಲು ಸಾಲದವರಿಗೆ ಇನ್ನೊಂದು ದಾರಿ ಆಹಾರ. ಹಾಲು, ಅಡುಗೆ ಎಣ್ಣೆಗೆ ಎ ಮತ್ತು ಡಿ ಬೆರೆಸುವ ಮಾನದಂಡಗಳನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಜಾರಿಗೆ ತಂದಿತು. ಅಂಥ ಪೊಟ್ಟಣದ ಮೇಲೆ ‘+ಎಫ್’ ಗುರುತು ಇರುತ್ತದೆ. ಮನೆಯ ಎಮ್ಮೆಯ ಹಾಲು, ಗಾಣದ ಕುಸುಬೆ ಎಣ್ಣೆ ಬಳಸುವ ಕುಟುಂಬಕ್ಕೆ ಈ ದಾರಿಯಿಂದ ಡಿ ಸಿಗುವುದಿಲ್ಲ.