ಯಾರಿಗೂ ಬೇಡವಾದ ಆಸ್ಟಿನ್ ಸೆವೆನ್

1947ರ ಕೊನೆಯ ತಿಂಗಳುಗಳಲ್ಲಿ ಲಂಡನ್ನಿನಲ್ಲಿ ಹಳೆ ಕಾರು ಕೊಳ್ಳುವವರೇ ಇರಲಿಲ್ಲ. ಯುದ್ಧ ಮುಗಿದು ಎರಡು ವರ್ಷ ಕಳೆದಿದ್ದರೂ ಪೆಟ್ರೋಲಿಗೆ ಪಡಿತರವಿತ್ತು. ಸ್ವಂತ ಓಡಾಟಕ್ಕೆಂದು ಸಿಗುತ್ತಿದ್ದ ಅಲ್ಪಸ್ವಲ್ಪವನ್ನೂ ಸರ್ಕಾರ ಆ ವರ್ಷ ನಿಲ್ಲಿಸಿತು. ಪೆಟ್ರೋಲೇ ಇಲ್ಲದ ಮೇಲೆ ಕಾರು ಯಾರಿಗೆ ಬೇಕು? ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತ, ಬಿಡುವಿನಲ್ಲಿ ಹಳೆ ಕಾರುಗಳ ವ್ಯಾಪಾರ ಮಾಡುತ್ತಿದ್ದ ಹತ್ತೊಂಬತ್ತರ ಹುಡುಗ ಕಾಲಿನ್ ಚಾಪ್ಮನ್ ಕೈಯಲ್ಲಿದ್ದ ಗಾಡಿಗಳನ್ನೆಲ್ಲ ನಷ್ಟಕ್ಕೆ ಮಾರಿದ. ಒಂದು ಮಾತ್ರ ಉಳಿದುಹೋಯಿತು. ಅದೊಂದು ಮುದಿ ಆಸ್ಟಿನ್ ಸೆವೆನ್.

ಈ ಕಾರು ಹುಟ್ಟಿದ್ದೂ ಕಷ್ಟಕಾಲದಲ್ಲೇ. 1921ರಲ್ಲಿ ಆಸ್ಟಿನ್ ಕಂಪನಿ ಸಾಲದಲ್ಲಿ ಮುಳುಗಿತ್ತು. ಹರ್ಬರ್ಟ್ ಆಸ್ಟಿನ್ ಹದಿನೆಂಟು ವರ್ಷದ ನಕ್ಷೆಗಾರ ಸ್ಟ್ಯಾನ್ಲಿ ಎಡ್ಜ್‌ನನ್ನು ತನ್ನ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ ಕೂರಿಸಿಕೊಂಡು, ಸಾಮಾನ್ಯ ಸಂಸಾರಕ್ಕೆ ಎಟುಕುವ ಪುಟ್ಟ ಕಾರೊಂದರ ನಕ್ಷೆ ಬರೆಸಿದ. 1922ರಿಂದ 1939ರವರೆಗೆ ಅಂಥ ಸುಮಾರು 2,90,000 ಕಾರುಗಳು ತಯಾರಾದವು. 747 ಸಿಸಿಯ ಎಂಜಿನ್, ಹತ್ತು ಚಿಲ್ಲರೆ ಅಶ್ವಶಕ್ತಿ, ಇಂಗ್ಲಿಷಿನ ‘ಎ’ ಅಕ್ಷರದ ಆಕಾರದ ಚಾಸಿ. ಬ್ರೇಕುಗಳ ಬಗ್ಗೆ ಹೇಳದಿರುವುದೇ ವಾಸಿ. ಹೆಚ್ಚಿನವುಗಳ ಕ್ರ್ಯಾಂಕ್‌ಶಾಫ್ಟಿಗೆ ಎರಡೇ ಬೇರಿಂಗು. ಜೋರಾಗಿ ಓಡಿಸಿದರೆ ಅದು ನಡುವೆ ಬಾಗುತ್ತಿತ್ತು.

ಆದರೆ ಹುಡುಗರಿಗೆ ಬೇಕಾದದ್ದೂ ಇಂಥದ್ದೇ. ಯುದ್ಧದ ನಂತರ ಗುಜರಿಯಲ್ಲಿ ಸಿಗುತ್ತಿದ್ದ ಕಾರು ಇದು. ಹಾಳಾದರೆ ಅಳುವವರಿಲ್ಲ. ಬಿಡಿಭಾಗಗಳು ಎಲ್ಲೆಡೆ ಸಿಗುತ್ತವೆ, ಇಬ್ಬರು ಸೇರಿದರೆ ಎಂಜಿನ್ನನ್ನು ಎತ್ತಿಡಬಹುದು. ಮೇಲುಹೊದಿಕೆಯನ್ನು ಕಿತ್ತೆಸೆದು, ತಮಗೆ ಬೇಕಾದ ರೂಪ ಕೊಟ್ಟು ಕಟ್ಟಿದ ಇಂಥ ಕಾರುಗಳನ್ನು ಅಲ್ಲಿ ‘ಸ್ಪೆಷಲ್’ ಎನ್ನುತ್ತಿದ್ದರು.

ಚಾಪ್ಮನ್ ತನ್ನ ಸ್ಪೆಷಲ್ ಕಟ್ಟಿದ್ದು ಗೆಳತಿ ಹೇಜಲ್‌ಳ ಮನೆಯ ಹಿಂದಿದ್ದ ಗ್ಯಾರೇಜಿನಲ್ಲಿ. ಹಳೆಯ ಚಾಸಿಯನ್ನು ಬಿಗಿಗೊಳಿಸಿದ. ಅಲ್ಯೂಮಿನಿಯಂ ಹಾಳೆ ಅಂಟಿಸಿದ ಪ್ಲೈವುಡ್ಡಿನಿಂದ, ವಿಮಾನ ಕಟ್ಟುವ ಕ್ರಮದಲ್ಲಿ ಅಡ್ಡಗೋಡೆಗಳನ್ನು ಕೊಟ್ಟು ಹೊಸ ಮೈ ಮಾಡಿದ. ಅಂದರೆ ಹೊದಿಕೆ ಬರೀ ಹೊದಿಕೆಯಾಗಿ ಉಳಿಯದೆ ತಾನೂ ಭಾರ ಹೊರುತ್ತಿತ್ತು. ಕೆಸರಿನ ಗುಡ್ಡ ಹತ್ತಿಸುವ ಸ್ಪರ್ಧೆಗಳಿಗೆ ಅದನ್ನು ಒಯ್ದ. 1948ರ ಆ ಕಾರಿಗೆ ಲೋಟಸ್, ಅಂದರೆ ತಾವರೆ, ಎಂಬ ಹೆಸರು. ಏಕೆಂದು ಅವನು ಬಾಯಿಬಿಡಲಿಲ್ಲ.

ಅವನ ನಿಜವಾದ ಚಾಲಾಕಿ ಕಂಡದ್ದು 1951ರ ಮೂರನೆಯ ಕಾರಿನಲ್ಲಿ. 750 ಮೋಟಾರ್ ಕ್ಲಬ್ಬಿನ ರೇಸುಗಳಿಗೆ ಆಸ್ಟಿನ್ ಸೆವೆನ್ ಎಂಜಿನ್ನೇ ಆಗಬೇಕೆಂಬ ನಿಯಮವಿತ್ತು. ಆ ಎಂಜಿನ್ನಿಗೆ ಸಿಲಿಂಡರ್ ನಾಲ್ಕು, ಇಂಧನ ಒಳಹೋಗುವ ದಾರಿ ಎರಡೇ. ಒಂದೇ ಕಾಲುವೆಯಿಂದ ಎರಡು ಗದ್ದೆಗೆ ನೀರು ಹಾಯಿಸಿದ ಹಾಗೆ. ಅಕ್ಕಪಕ್ಕದ ಎರಡು ಸಿಲಿಂಡರುಗಳ ಸರದಿ ಬೆನ್ನುಬೆನ್ನಿಗೆ ಬರುವುದರಿಂದ ಒಂದರ ಪಾಲನ್ನು ಇನ್ನೊಂದು ಕಸಿಯುತ್ತಿತ್ತು. ಚಾಪ್ಮನ್ ಆ ದಾರಿಯ ನಡುವೆ ಒಂದು ತಡೆ ನಿಲ್ಲಿಸಿದ. ಎರಡು ಕಾಲುವೆ ನಾಲ್ಕಾದವು. ಆ ವರ್ಷ ಅವನ ಕಾರನ್ನು ಹಿಡಿಯುವವರೇ ಇರಲಿಲ್ಲ. ಕೊನೆಗೆ ಕ್ಲಬ್ಬು ನಿಯಮ ತಿದ್ದಿ ಆ ಉಪಾಯವನ್ನೇ ನಿಷೇಧಿಸಿತು.

ಇದನ್ನು ಪ್ರತಿಭೆಯ ಕಥೆಯಾಗಿ ಹೇಳುವುದು ರೂಢಿ. ಪ್ರತಿಭೆ ಇತ್ತು, ನಿಜ. ಆದರೆ ಆ ಎರಡು ದಾರಿಯ ಎಂಜಿನ್ ಮೊದಲೇ ಚೆನ್ನಾಗಿದ್ದರೆ ಅದರೊಳಗೆ ಕೈಹಾಕುವ ಪ್ರಸಂಗ ಎಲ್ಲಿ ಬರುತ್ತಿತ್ತು? ಇದೇ ಕಾರಿನ ಬಳಿ ಪಾಠ ಕಲಿತವರು ಇನ್ನೂ ಇದ್ದಾರೆ. ಅಲೆಕ್ ಇಸಿಗೊನಿಸ್ 1930ರ ದಶಕದಲ್ಲಿ ಗೆಳೆಯ ಜಾರ್ಜ್ ಡೌಸನ್ ಜೊತೆ ಕೈಯಾರೆ ಕಟ್ಟಿದ ಸ್ಪೆಷಲ್‌ನಲ್ಲಿ ರಬ್ಬರನ್ನು ಸ್ಪ್ರಿಂಗಾಗಿ ಬಳಸಿದ. 1959ರಲ್ಲಿ ಅವನ ಮಿನಿ ಕಾರು ನಿಂತದ್ದೂ ರಬ್ಬರಿನ ಮೇಲೆ. ಅತ್ತ ಆಕ್ಲೆಂಡಿನ ಗ್ಯಾರೇಜಿಗೆ ಬಿಡಿಬಿಡಿಯಾಗಿ ಬಂದ ಒಂದು ಆಸ್ಟಿನ್ ಸೆವೆನ್ನನ್ನು ತಂದೆಯ ಜೊತೆ ಜೋಡಿಸಿದ ಹುಡುಗ ಬ್ರೂಸ್ ಮೆಕ್ಲಾರೆನ್. ಅದು ರೇಸಿಗೆಂದೇ ಮಾಡಿದ ಅಲ್‌ಸ್ಟರ್ ಮಾದರಿ, ಸಂಸಾರದ ಕಾರಲ್ಲ ಎಂಬುದನ್ನು ಹೇಳಿಬಿಡಬೇಕು.

ಮೆಕ್ಲಾರೆನ್‌ನ ಆ ಕಾರನ್ನು ಅವನ ಹೆಸರಿನ ಕಂಪನಿ ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದೆ. ಚಾಪ್ಮನ್‌ನ ಮೊದಲ ಕಾರಿಗೆ ಆ ಭಾಗ್ಯವಿಲ್ಲ. ಮುಂದಿನ ಕಾರಿನ ಖರ್ಚಿಗೆ ಹಣ ಬೇಕಿತ್ತು. 1950ರಲ್ಲಿ ಅದನ್ನು ಮಾರಿದ. ಆಮೇಲೆ ಅದರ ಪತ್ತೆಯಿಲ್ಲ. ಲೋಟಸ್ ಅಭಿಮಾನಿಗಳು ಇನ್ನೂ ಹುಡುಕುತ್ತಿದ್ದಾರೆ. ನನ್ನ ಅನುಮಾನ ಬೇರೆ. ಈಗ ಹಳೆ ಕಾರುಗಳಿಗೆ ಬೆಲೆ ಬಂದಿದೆ, ಕಾರ್ಖಾನೆಯಿಂದ ಹೊರಬಂದಾಗ ಇದ್ದ ಹಾಗೇ ಇರಬೇಕೆಂಬ ಹಟವೂ ಬಂದಿದೆ. ಯಾರೋ ಒಬ್ಬ ಶ್ರದ್ಧಾವಂತ ಆ ವಿಕಾರ ಪ್ಲೈವುಡ್ಡಿನ ಮೈಯನ್ನು ಕಿತ್ತು ಒಲೆಗೆ ಹಾಕಿ, ಅಚ್ಚುಕಟ್ಟಾದ ಆಸ್ಟಿನ್ ಸೆವೆನ್ ಮಾಡಿಟ್ಟಿದ್ದರೆ? ಹಾಗಾಗಿದ್ದರೆ ಹುಡುಕುವವರಿಗೆ ಉಳಿದಿರುವ ಗುರುತು ಹಳೆಯ ನಂಬರೊಂದೇ: ಓಎಕ್ಸ್ 9292.