ಮನೆ ನಿರ್ಮಾಣಕ್ಕೆ ಉಷ್ಣನಿರೋಧಕ ಪ್ಯಾನೆಲ್‌ಗಳ ಆಯ್ಕೆ: ಇಟ್ಟಂಗಿಹಾಳ ಮತ್ತು ಸುತ್ತಲಿನ ಗ್ರಾಮಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ವಿಜಯಪುರ ನಗರಕ್ಕೆ ಸಮೀಪದ ಇಟ್ಟಂಗಿಹಾಳ, ತಿಕೋಟಾ ಹಾಗೂ ಬಬಲೇಶ್ವರ ಭಾಗಗಳಲ್ಲಿ ಬೇಸಿಗೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಹಿಂದಿನ ಕಾಲದಲ್ಲಿ ದಪ್ಪ ಕಲ್ಲಿನ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಮೇಲ್ಮುದ್ದೆಯ ಮಾಳಿಗೆಗಳು ಮನೆಯನ್ನು ತಂಪಾಗಿ ಇಡುತ್ತಿದ್ದವು. ಇವುಗಳ ಸ್ಥಾನವನ್ನು ಆರ್.ಸಿ.ಸಿ. ಛಾವಣಿ ಮತ್ತು ತಗಡು ಆಕ್ರಮಿಸಿದ ನಂತರ ಮನೆಯೊಳಗಿನ ಸೆಕೆ ಹೆಚ್ಚಿದೆ. ಇದಕ್ಕೆ ಪರಿಹಾರವೆಂದು ಉಷ್ಣನಿರೋಧಕ ಪ್ಯಾನೆಲ್‌ಗಳು ಮಾರುಕಟ್ಟೆಗೆ ಬಂದಿವೆ. ಕುಟುಂಬವೊಂದು ಜೀವಮಾನದಲ್ಲಿ ಸಾಮಾನ್ಯವಾಗಿ ಒಂದೇ ಮನೆಯನ್ನು ಕಟ್ಟುವುದರಿಂದ, ಇವುಗಳ ಗುಣ ಮತ್ತು ಮಿತಿಗಳನ್ನು ಅರಿತ ನಂತರವೇ ಆಯ್ಕೆ ಮಾಡುವುದು ಅವಶ್ಯ.

1. ಪ್ಯಾನೆಲ್ ಎಂದರೇನು?

ಎರಡು ಗಟ್ಟಿ ಹಲಗೆಗಳ ನಡುವೆ ಶಾಖವನ್ನು ತಡೆಯುವ ಹಗುರ ತಿರುಳನ್ನು ಅಂಟಿಸಿದ ಸಿದ್ಧ ಫಲಕವೇ ಪ್ಯಾನೆಲ್. ದ್ರಾಕ್ಷಿ ಬೆಳೆಯುವ ಈ ಭಾಗದ ರೈತರಿಗೆ ಒಣದ್ರಾಕ್ಷಿ ಇಡುವ ಶೀತಲಗೃಹಗಳ ಪಫ್ ಪ್ಯಾನೆಲ್‌ಗಳು ಪರಿಚಿತವಾಗಿವೆ. ಮನೆಗೆ ಬಳಸುವ ಪ್ಯಾನೆಲ್‌ಗಳೂ ಇದೇ ತತ್ವದವು. ಅಮೆರಿಕದ ಮ್ಯಾಡಿಸನ್ ನಗರದ ಅರಣ್ಯ ಉತ್ಪನ್ನ ಪ್ರಯೋಗಾಲಯದಲ್ಲಿ 1930ರ ದಶಕದಲ್ಲಿ ಈ ಮಾದರಿಯ ಪ್ರಯೋಗಗಳು ಆರಂಭವಾದವು. ಅಲ್ಲಿ ಮರದ ಚೂರಿನ ಹಲಗೆಗಳು ಬಳಕೆಯಲ್ಲಿದ್ದರೆ, ಭಾರತದಲ್ಲಿ ಫೈಬರ್ ಸಿಮೆಂಟ್ ಹಲಗೆ ಅಥವಾ ಬಣ್ಣ ಲೇಪಿತ ಉಕ್ಕಿನ ತಗಡು ಹೆಚ್ಚಾಗಿ ಬಳಕೆಯಲ್ಲಿದೆ.

ಕೇಂದ್ರ ಸರ್ಕಾರದ ಲೈಟ್ ಹೌಸ್ ಯೋಜನೆಗೆ 2021ರ ಜನವರಿ 1ರಂದು ಆರು ನಗರಗಳಲ್ಲಿ ಶಂಕುಸ್ಥಾಪನೆ ನೆರವೇರಿತು. ಅವುಗಳ ಪೈಕಿ ಇಂದೋರ್‌ನ ಯೋಜನೆಗೆ ಸ್ಯಾಂಡ್‌ವಿಚ್ ಪ್ಯಾನೆಲ್ ಪದ್ಧತಿಯನ್ನು ಆಯ್ಕೆ ಮಾಡಲಾಯಿತು. ಅಲ್ಲಿ ಕಟ್ಟಡದ ಭಾರವನ್ನು ಹೊರುವುದು ಉಕ್ಕಿನ ಚೌಕಟ್ಟು. ಪ್ಯಾನೆಲ್‌ಗಳು ಗೋಡೆಯ ಕೆಲಸವನ್ನು ಮಾತ್ರ ಮಾಡುತ್ತವೆ ಎಂಬುದನ್ನು ಗಮನಿಸತಕ್ಕದ್ದು.

2. ಭಾರ ಹೊರುವ ಪ್ಯಾನೆಲ್ ಮತ್ತು ಹೊರದ ಪ್ಯಾನೆಲ್

ಅರ್ಜಿದಾರರು ಮೊದಲು ತಿಳಿಯಬೇಕಾದ ವ್ಯತ್ಯಾಸ ಇದಾಗಿದೆ. ನೋಡಲು ಒಂದೇ ರೀತಿ ಇರುವ ಪ್ಯಾನೆಲ್‌ಗಳಲ್ಲಿ ಕೆಲವು ಛಾವಣಿಯ ಭಾರವನ್ನು ಹೊರಬಲ್ಲವು. ಉಳಿದವು ಕೇವಲ ಅಡ್ಡಗೋಡೆಗೆ ಯೋಗ್ಯ. ಅಡ್ಡಗೋಡೆಯ ಪ್ಯಾನೆಲ್‌ಗಳನ್ನು ಚೌಕಟ್ಟಿಲ್ಲದೆ ನಿಲ್ಲಿಸಿ ಅದರ ಮೇಲೆ ಛಾವಣಿ ಹೊರಿಸುವುದು ಅಪಾಯಕರ. ಮುಂದೆ ಮೇಲಂತಸ್ತು ಕಟ್ಟುವ ಉದ್ದೇಶವಿದ್ದಲ್ಲಿ ಅದನ್ನು ನಕ್ಷೆಯ ಹಂತದಲ್ಲಿಯೇ ಎಂಜಿನಿಯರರಿಗೆ ತಿಳಿಸತಕ್ಕದ್ದು. 1000 ಲೀಟರ್ ನೀರಿನ ಟ್ಯಾಂಕ್ ತುಂಬಿದಾಗ ಒಂದು ಟನ್ ತೂಗುವುದರಿಂದ, ಅದಕ್ಕೆ ಪ್ರತ್ಯೇಕ ಆಧಾರವನ್ನು ಕಲ್ಪಿಸುವುದು ಸೂಕ್ತ.

3. ತಿರುಳಿನ ವಿಧಗಳು

ಅ) ಥರ್ಮಾಕೋಲ್: ಬೆಲೆ ಕಡಿಮೆ, ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಸುಮಾರು 100 ಡಿಗ್ರಿಯ ಆಸುಪಾಸಿನಲ್ಲಿಯೇ ಮೆತ್ತಗಾಗಿ ಕರಗತೊಡಗುತ್ತದೆ. ಹೊತ್ತಿಕೊಂಡಲ್ಲಿ ದಟ್ಟ ಕಪ್ಪು ಹೊಗೆ ಬರುತ್ತದೆ. ಬೆಂಕಿ ನಿಧಾನಿಸುವ ದರ್ಜೆಯನ್ನೇ ಕೇಳಿ ಪಡೆಯತಕ್ಕದ್ದು. ಅನ್ವಯಿಸುವ ಮಾನಕ ಐ.ಎಸ್. 4671.

ಆ) ಪಫ್: ಅದೇ ದಪ್ಪದಲ್ಲಿ ಥರ್ಮಾಕೋಲ್‌ಗಿಂತ ಹೆಚ್ಚು ಶಾಖವನ್ನು ತಡೆಯುತ್ತದೆ. ಬೆಲೆ ಹೆಚ್ಚು. ಇದೂ ಉರಿಯುವ ವಸ್ತು. ವಿಷಕಾರಿ ಹೊಗೆ ಸೂಸುತ್ತದೆ. ಮಾನಕ ಐ.ಎಸ್. 12436.

ಇ) ರಾಕ್‌ವೂಲ್: ಕಲ್ಲನ್ನು ಕರಗಿಸಿ ಎಳೆದ ನಾರು. ಉರಿಯುವುದಿಲ್ಲ. ತೂಕ ಹೆಚ್ಚು, ನೀರು ಸೇರಿದರೆ ಗುಣ ಕುಂದುತ್ತದೆ. ಮಾನಕ ಐ.ಎಸ್. 8183.

ಈ) ಸಿಮೆಂಟ್ ಮತ್ತು ಥರ್ಮಾಕೋಲ್ ಕಾಳುಗಳ ಮಿಶ್ರಣ: ಶುದ್ಧ ಥರ್ಮಾಕೋಲ್‌ನಷ್ಟು ಶಾಖವನ್ನು ತಡೆಯುವುದಿಲ್ಲ, ಆದರೆ ಗಟ್ಟಿ, ಬೆಂಕಿಗೆ ಹೆಚ್ಚು ಸಹಿಷ್ಣು.

ಕಟ್ಟಿಗೆ ಒಲೆ ಬಳಸುವ ಅಡುಗೆಮನೆಗೆ ಮೊದಲ ಎರಡು ವಿಧಗಳು ಸೂಕ್ತವಲ್ಲ. ಅಡುಗೆಮನೆಯ ಗೋಡೆಯನ್ನು ಇಟ್ಟಂಗಿ ಅಥವಾ ಕಲ್ಲಿನಿಂದಲೇ ಕಟ್ಟಿಸುವುದು ಒಳಿತು. ವಿದ್ಯುತ್ ತಂತಿಗಳು ಥರ್ಮಾಕೋಲ್‌ಗೆ ನೇರವಾಗಿ ತಾಗದಂತೆ ಕೊಳವೆಯೊಳಗೆ ಎಳೆಯತಕ್ಕದ್ದು.

4. ತಂಪಿನ ಲೆಕ್ಕ

50 ಮಿ.ಮೀ. ದಪ್ಪದ ಥರ್ಮಾಕೋಲ್ ತಿರುಳು, 230 ಮಿ.ಮೀ. ದಪ್ಪದ ಇಟ್ಟಂಗಿ ಗೋಡೆಗಿಂತ ನಾಲ್ಕು ಪಟ್ಟಿಗೂ ಅಧಿಕವಾಗಿ ಶಾಖದ ಹರಿವನ್ನು ತಡೆಯುತ್ತದೆ. ಆದರೂ ಒಂದಂತಸ್ತಿನ ಮನೆಯಲ್ಲಿ ಬಿಸಿಲಿನ ಶಾಖವು ಹೆಚ್ಚಾಗಿ ಛಾವಣಿಯಿಂದ ಇಳಿಯುತ್ತದೆ. 2018ರ ಇಕೋ ನಿವಾಸ ಸಂಹಿತೆಯು ಛಾವಣಿಯ ಮೂಲಕ ಹಾಯುವ ಶಾಖಕ್ಕೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್ ಮಿತಿಯನ್ನು ನಿಗದಿಪಡಿಸಿದೆ. ನಿರೋಧಕವಿಲ್ಲದ 150 ಮಿ.ಮೀ. ಆರ್.ಸಿ.ಸಿ. ಛಾವಣಿಯಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಶಾಖ ಹಾಯುತ್ತದೆ, 50 ಮಿ.ಮೀ. ನಿರೋಧಕ ಪದರ ಸೇರಿಸಿದಲ್ಲಿ ಮಿತಿಯೊಳಗೆ ಬರುತ್ತದೆ.

ಆದಕಾರಣ ಹಣ ಸೀಮಿತವಾಗಿದ್ದಲ್ಲಿ, ಗೋಡೆಗಳನ್ನು ಸ್ಥಳೀಯ ಕಲ್ಲು ಅಥವಾ ಇಟ್ಟಂಗಿಯಿಂದ ಕಟ್ಟಿ, ಛಾವಣಿಗೆ ಮಾತ್ರ ನಿರೋಧಕ ಒದಗಿಸುವುದು ಮಿತವ್ಯಯದ ಮಾರ್ಗ. ಛಾವಣಿಗೆ ಬಿಳಿ ಸುಣ್ಣ ಬಳಿಯುವುದರಿಂದಲೂ ಶಾಖ ತಗ್ಗುತ್ತದೆ. ಪೂರ್ಣ ಪ್ಯಾನೆಲ್ ಮನೆಯು ಹಗುರವಾದ್ದರಿಂದ ಕಲ್ಲಿನ ಗೋಡೆಯಂತೆ ಹಗಲಿನ ಶಾಖವನ್ನು ತನ್ನಲ್ಲಿ ಹಿಡಿದಿಡಲಾರದು. ಅಡುಗೆ ಮತ್ತು ಜನರಿಂದ ಉಂಟಾದ ಬಿಸಿ ಹೊರಹೋಗಲು ಎದುರುಬದುರು ಕಿಟಕಿಗಳನ್ನು ಇಟ್ಟು, ರಾತ್ರಿ ತೆರೆದಿಡುವುದು ಅಗತ್ಯ.

5. ಎರೆ ಭೂಮಿ ಮತ್ತು ಬುನಾದಿ

“ಹಗುರ ಮನೆಗೆ ಪಾಯ ಬೇಡ” ಎಂಬ ಅಭಿಪ್ರಾಯ ಸರಿಯಲ್ಲ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವ ಭಾರ ಹಗುರ ಮನೆಗೆ ಇಲ್ಲದಿರುವುದರಿಂದ, ಅದು ಭಾರವಾದ ಮನೆಗಿಂತ ಹೆಚ್ಚು ಅಲುಗಾಡುವ ಸಂಭವವಿದೆ. ಆಗ ಪ್ಯಾನೆಲ್‌ಗಳ ಜೋಡಣೆಗಳು ಬಿಟ್ಟುಕೊಂಡು ನೀರು ಒಳಗೆ ಇಳಿಯುತ್ತದೆ. ಎರೆ ಪದರ ತೆಳುವಾಗಿದ್ದಲ್ಲಿ ಅದನ್ನು ತೆಗೆದು ಗಟ್ಟಿ ಗರಸಿನ ಮೇಲೆ ಪಾಯ ಹಾಕತಕ್ಕದ್ದು. ಪದರ ಆಳವಾಗಿದ್ದಲ್ಲಿ ತಳದಲ್ಲಿ ಅಗಲವಾಗುವ ಕಂಬಗಳ ಬುನಾದಿಯ ಬಗ್ಗೆ ಎಂಜಿನಿಯರರ ಸಲಹೆ ಪಡೆಯತಕ್ಕದ್ದು.

6. ಭೂಕಂಪ, ಗಾಳಿ, ಗೆದ್ದಲು

1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಮಣ್ಣಿನ ಗಾರೆಯ ಕಲ್ಲುಗೋಡೆ ಮತ್ತು ಭಾರವಾದ ಮಣ್ಣಿನ ಮಾಳಿಗೆಗಳು ಕುಸಿದು ಸಾವಿರಾರು ಜನರು ಮೃತಪಟ್ಟರು. ವಿಜಯಪುರ ಜಿಲ್ಲೆಯಲ್ಲಿಯೂ 2021 ಮತ್ತು 2022ರಲ್ಲಿ ಲಘು ಭೂಕಂಪನಗಳು ಅನುಭವಕ್ಕೆ ಬಂದಿವೆ. ಸರಿಯಾಗಿ ಬಿಗಿದ ಹಗುರ ಪ್ಯಾನೆಲ್ ಮನೆಗೆ ಈ ದೃಷ್ಟಿಯಿಂದ ಅನುಕೂಲವಿದೆ. ಆದರೆ ಅದೇ ಹಗುರತನ ಬಿರುಗಾಳಿಯಲ್ಲಿ ದೋಷವಾಗುತ್ತದೆ. ಛಾವಣಿಯನ್ನು ಗೋಡೆಗೂ, ಗೋಡೆಯನ್ನು ಬುನಾದಿಗೂ ಬೋಲ್ಟ್‌ಗಳಿಂದ ಬಂಧಿಸಿರಬೇಕು. ಇಲಿ, ಗೆದ್ದಲು ತಿರುಳಿನೊಳಗೆ ಸೇರದಂತೆ ಪ್ಯಾನೆಲ್‌ನ ತೆರೆದ ಅಂಚುಗಳನ್ನು ಪೂರ್ಣವಾಗಿ ಮುಚ್ಚಿ, ಬುನಾದಿಯ ಹಂತದಲ್ಲಿಯೇ ಗೆದ್ದಲು ನಿರೋಧಕ ಉಪಚಾರ ಮಾಡಿಸತಕ್ಕದ್ದು.

7. ಸಹಾಯಧನ ಪಡೆಯುವವರು ಗಮನಿಸಬೇಕಾದುದು

ಪ್ರಧಾನಮಂತ್ರಿ ಆವಾಸ್ ಯೋಜನೆ ಗ್ರಾಮೀಣದಡಿ ಮನೆಯ ವಿಸ್ತೀರ್ಣವು ಅಡುಗೆ ಸ್ಥಳ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ವಸತಿ ಯೋಜನೆಗಳ ಸಹಾಯಧನವು ಕಾಮಗಾರಿಯ ಪ್ರಗತಿಯನ್ನು ಛಾಯಾಚಿತ್ರದ ಮೂಲಕ ದಾಖಲಿಸಿದ ನಂತರ ಹಂತ ಹಂತವಾಗಿ ಬಿಡುಗಡೆಯಾಗುತ್ತದೆ. ಪ್ಯಾನೆಲ್ ಮಾರಾಟಗಾರರಾದರೋ ಸಾಮಾನ್ಯವಾಗಿ ಬಹುಪಾಲು ಹಣವನ್ನು ಮುಂಗಡವಾಗಿ ಕೇಳುತ್ತಾರೆ. ಗೋಡೆ, ಛಾವಣಿಗಳ ಹಣ ಬರುವ ಮೊದಲೇ ಅವುಗಳ ಬೆಲೆ ತೆರಬೇಕಾಗುವುದರಿಂದ ಬಡ ಕುಟುಂಬಗಳು ಸಾಲಕ್ಕೆ ಸಿಲುಕುವ ಸಂಭವವಿದೆ. ಹಣದ ಹೊಂದಾಣಿಕೆ ಆದ ನಂತರವೇ ಖರೀದಿಗೆ ಮುಂದಾಗುವುದು ಸೂಕ್ತ.

8. ಖರೀದಿಗೆ ಮುನ್ನ ಪರಿಶೀಲನಾ ಪಟ್ಟಿ

• ಗ್ರಾಮ ಪಂಚಾಯಿತಿಯಿಂದ ಕಟ್ಟಡ ಪರವಾನಗಿಯನ್ನು ಲಿಖಿತವಾಗಿ ಪಡೆಯುವುದು. ನಕ್ಷೆಯಲ್ಲಿ ಪ್ಯಾನೆಲ್ ಪದ್ಧತಿಯನ್ನು ಸ್ಪಷ್ಟವಾಗಿ ನಮೂದಿಸುವುದು.
• ಸಹಾಯಧನ ಅಥವಾ ಬ್ಯಾಂಕ್ ಸಾಲ ಇದ್ದಲ್ಲಿ, ಈ ಪದ್ಧತಿಗೆ ಒಪ್ಪಿಗೆ ಇದೆಯೇ ಎಂದು ಮುಂಚಿತವಾಗಿ ವಿಚಾರಿಸುವುದು.
• ಬಿ.ಎಂ.ಟಿ.ಪಿ.ಸಿ. ನೀಡಿದ ಕಾರ್ಯಕ್ಷಮತಾ ಪ್ರಮಾಣಪತ್ರ ಇದೆಯೇ, ಅದರ ಅವಧಿ ಮುಗಿದಿಲ್ಲವೇ, ಅದು ಯಾವ ಬಳಕೆಗೆ ಅನ್ವಯಿಸುತ್ತದೆ ಎಂಬುದನ್ನು ನೋಡುವುದು.
• ತಿರುಳಿನ ವಿಧ, ದಪ್ಪ, ಸಾಂದ್ರತೆ ಮತ್ತು ಬೆಂಕಿ ಪರೀಕ್ಷೆಯ ವರದಿಯನ್ನು ಲಿಖಿತವಾಗಿ ಪಡೆಯುವುದು.
• ದರ ಹೋಲಿಸುವಾಗ ಸಾಗಾಣಿಕೆ, ಜೋಡಣೆಯ ಕೂಲಿ, ಸಂದು ತುಂಬುವಿಕೆ ಮತ್ತು ಚೌಕಟ್ಟಿನ ವೆಚ್ಚವನ್ನು ಸೇರಿಸುವುದು. ಇಟ್ಟಂಗಿ ಗೋಡೆಗೆ ಗಿಲಾವಿನ ವೆಚ್ಚವನ್ನೂ ಸೇರಿಸುವುದು.
• ಸಂದು ಸೋರಿದಲ್ಲಿ ದುರಸ್ತಿ ಮಾಡುವ ಕೆಲಸಗಾರರು ವಿಜಯಪುರದಲ್ಲಿಯೇ ಲಭ್ಯರೇ ಎಂದು ತಿಳಿಯುವುದು.
• ಕನಿಷ್ಠ ಎರಡು ಮಳೆಗಾಲ ಕಂಡ ಮನೆಯೊಂದನ್ನು ನೋಡಿ, ಅಲ್ಲಿ ವಾಸಿಸುವವರನ್ನು ವಿಚಾರಿಸುವುದು.
• ಜಿ.ಎಸ್.ಟಿ. ಬಿಲ್ಲು ಮತ್ತು ಖಾತರಿ ಪತ್ರವನ್ನು ಜೋಪಾನವಾಗಿಡುವುದು.

ಮೇಲ್ಕಂಡ ಅಂಶಗಳ ಪೈಕಿ ಯಾವುದಕ್ಕಾದರೂ ಮಾರಾಟಗಾರರು ಲಿಖಿತ ಉತ್ತರ ನೀಡಲು ಹಿಂಜರಿದಲ್ಲಿ, ಮುಂಗಡ ಹಣವನ್ನು ಪಾವತಿಸದಿರುವುದು ಅರ್ಜಿದಾರರ ಹಿತದೃಷ್ಟಿಯಿಂದ ಸೂಕ್ತವಾಗಿರುತ್ತದೆ.